ಸೂರ್ಯನನ್ನೂ ಕತ್ತಲೆಯೆಂದ ಕಣ್ಣಿಗೆ

ಫ್ರೀಸ್‌ಲ್ಯಾಂಡಿನ ನಮ್ಮ ಕೊಟ್ಟಿಗೆಯ ಹಾಲು ಕರೆಯುವ ಯಂತ್ರದಲ್ಲಿ ಲೇಸರಿನ ಬೆನ್ನಿಗೆ ಕೂತು ಕಾವಲು ಕಾದ ಬೆಳಕು ಅಳೆಯುವ ಮಾನ್ಯ ಕಣ್ಣಿನವರೇ,

ಸಾಸಿವೆ ಕಾಳಿನಷ್ಟಿರುವ ತಮ್ಮ ಸನ್ನಿಧಿಗೆ, ಈ ಹಿಂಡಿನ ಒಡತಿಯೂ ಆರು ಮಕ್ಕಳ ತಾಯಿಯೂ ಆದ ನಾನು ತಲೆಬಾಗಿ ವಂದಿಸುತ್ತೇನೆ. ನಮ್ಮ ಪಾದ್ರಿಗೂ ಇಷ್ಟು ಬಾಗಿದವಳಲ್ಲ.

ಕೆಚ್ಚಲು ಎಲ್ಲಿದೆಯೆಂದು ಯಂತ್ರದ ಕೈಗೆ ತೋರಿಸುವುದು ಲೇಸರ್. ಅದು ಮಂಕಾದರೆ ವಿದ್ಯುತ್ತು ಹೆಚ್ಚಿಸಿ ಎನ್ನುವುದು, ಸಾಕಾದರೆ ಸಾಕು ಎನ್ನುವುದು, ಇಷ್ಟೇ ತಮ್ಮ ಕೆಲಸ. ತಾವು ಕುರುಡಾದಿರಿ. ತಪ್ಪಲ್ಲ, ನನ್ನ ಅತ್ತೆಯವರೂ ಕುರುಡಾದರು. ಆದರೆ ಅವರು "ನಂಗೆ ಕಾಣಲ್ಲ ಕಣೇ" ಅಂದರು, ತಾವು "ಕತ್ತಲೆ" ಅಂದಿರಿ. ಯಂತ್ರ ನಂಬಿ ವಿದ್ಯುತ್ತು ಸುರಿಯಿತು, ತಾವು ಮತ್ತೂ ಕತ್ತಲೆ ಅಂದಿರಿ, ಅದು ಮತ್ತೂ ಸುರಿಯಿತು, ಲೇಸರ್ ಸುಟ್ಟೇಹೋಯಿತು.

ರಿಪೇರಿಯ ಯೆಲ್ಲೆ ಬಂದು, "ಲೇಸರ್ರೇ ಲೊಡ್ಡು ಅಜ್ಜಿ" ಎಂದು ಹೊಸದನ್ನು ಹಾಕಿದ. ಅವನ ಕಾಫಿ ಆರುವ ಮೊದಲೇ ತಾವು ಅದನ್ನೂ ಸ್ವರ್ಗಕ್ಕೆ ಕಳಿಸಿದಿರಿ. ನನ್ನ ಹಿರಿ ಹಸು ಫೋಕ್ಯ ಕೆಚ್ಚಲು ಕಲ್ಲಾಗಿ ಅರಚುತ್ತಿದ್ದಳು, ಅವಳ ಹಿಂದೆ ಇಡೀ ಹಿಂಡು. ಕೈಯಲ್ಲಿ ಕರೆಯಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ಯೆಲ್ಲೆಯ ಪೆಟ್ಟಿಗೆಯಲ್ಲಿ ಉಳಿದಿದ್ದ ಲೇಸರೂ ಒಂದೇ.

ನಮ್ಮಲ್ಲಿ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚುವುದು ವಾಡಿಕೆ. ಯಾರಾದರೂ ಬಿಸ್ಕತ್ತು ಸಿಗಲಿಲ್ಲವೆಂದರೆ ನಾನು ಮೊದಲು ಅವರ ತುಟಿಯಲ್ಲಿ ಪುಡಿಯಿದೆಯೇ ನೋಡುತ್ತೇನೆ. ಯೆಲ್ಲೆ ಆ ಕೊನೆಯ ಲೇಸರಿಗೆ ಕೈಹಾಕಿದಾಗ, "ಡಬ್ಬ ಆಮೇಲೆ ತೆಗಿ ಮಾರಾಯ, ಕೇಳೋನ ಬಾಯಿ ಮೊದ್ಲು ನೋಡು" ಎಂದೆ; ಇನ್ನೂ ಬೇಕು ಎಂದು ಕೇಳುತ್ತಿದ್ದವರು ತಾವೇ ತಾನೆ. ಯೆಲ್ಲೆ ನಕ್ಕ. ನಾನು ನಗದಿದ್ದುದರಿಂದ ನಿಲ್ಲಿಸಿದ. ಲೇಸರ್ ಹಾಕದೆ ತಮ್ಮ ಮೇಲೆ ಟಾರ್ಚು ಬಿಟ್ಟ, ಕತ್ತಲೆ ಎಂದಿರಿ. ಬೆರಳಿಂದ ಮುಚ್ಚಿದ, ಕತ್ತಲೆ ಎಂದಿರಿ. ಬಾಗಿಲಲ್ಲಿ ತಮ್ಮನ್ನು ಜೂನ್ ತಿಂಗಳ ಸೂರ್ಯನಿಗೇ ಹಿಡಿದ. ಅದಕ್ಕೂ ವಿದ್ಯುತ್ತು ಹೆಚ್ಚಿಸಿ ಎಂದಿರಿ. ಇಂಥ ಸ್ಥಿರಚಿತ್ತ ನಮ್ಮ ಸಂಬಂಧಿಕರಲ್ಲೂ ಕಂಡಿಲ್ಲ. "ಅಜ್ಜಿ, ಇದ್ರ ಮಾತು ಕೇಳಿದ್ರೆ ಸೂರ್ಯನ ಫ್ಯೂಸೂ ಹೋಗ್ತಿತ್ತು" ಎಂದ ಯೆಲ್ಲೆ.

ಆದ್ದರಿಂದ ವಿನಂತಿ: ತಾವು ಸೂರ್ಯನ ಕ್ಷಮೆ ಕೇಳಬೇಕು, ಎರಡು ಲೇಸರುಗಳ ಅಂತ್ಯಕ್ರಿಯೆಯ ಕಾಫಿಗೆ ಕಪ್ಪು ಉಡುಪಿನಲ್ಲಿ ಬರಬೇಕು, ಫೋಕ್ಯಳ ಕೆಚ್ಚಲನ್ನು ಒಂದು ಹೊತ್ತು ಹೊರಬೇಕು. ತಮ್ಮನ್ನು ನಂಬುವ ಯಂತ್ರ ಮಾಡಿದ ಮಹನೀಯರು, ಪ್ರತಿಸಲ ಲೇಸರ್ ಹೊತ್ತಿಸುವ ಮೊದಲು ಕಣ್ಣು ಬದುಕಿದೆಯೇ ಎಂದು ಯಂತ್ರವೇ ನೋಡಿಕೊಳ್ಳುವಂತೆಯೂ, ಸತ್ತಿದ್ದರೆ ವಿದ್ಯುತ್ತೇ ಬಿಡದಂತೆಯೂ ಮಾಡಬೇಕು.

ಪರೀಕ್ಷಿಸಿದ ಮೇಲಷ್ಟೇ ತಮ್ಮ ವಿಶ್ವಾಸಿ,
ಬೌಕ್ಯ ಟೆರ್ಪ್‌ಸ್ತ್ರಾ

ಮರೆತ ಮಾತು: ತಮ್ಮ ಜಾಗಕ್ಕೆ ಬಂದ ಹೊಸ ಕಣ್ಣು ಟಾರ್ಚಿಗೆ ಬೆಳಕೆಂದಿತು, ಬೆರಳಿಗೆ ಕತ್ತಲೆಯೆಂದಿತು. ಕೊನೆಯ ಲೇಸರ್ ಬೆಳಗುತ್ತಿದೆ, ಫೋಕ್ಯ ಹಗುರಾಗಿದ್ದಾಳೆ. ಆ ಖುಷಿಗೆ ಯೆಲ್ಲೆ, "ಅಜ್ಜಿ, ನಂಗಿನ್ನೂ ಬಿಸ್ಕತ್ತೇ ಸಿಕ್ಕಿಲ್ಲ" ಎಂದ. ಮೀಸೆಯಲ್ಲಿ ಪುಡಿಯಿತ್ತು. ಡಬ್ಬ ಮುಚ್ಚಿಯೇ ಇದೆ.