ಹಾಡುವ ಕಾರ್ಡು, ತೂತು ಹೊಡೆಯುವ ಕಾರ್ಡು

ಹಳೆಯದನ್ನು ಬಿಸಾಕಿ ಹೊಸದು ತಗೊಳ್ಳಿ ಎನ್ನುವ ಉಪದೇಶ ನನಗೆ ಆಗಿಬರುವುದಿಲ್ಲ. ಹಾಗೆಂದವರ ಕಣ್ಣೆದುರಿಗೇ ಆ ಹಳೆಯದನ್ನು ಇನ್ನೂ ಹತ್ತು ವರ್ಷ ನಡೆಸಿ ತೋರಿಸಬೇಕೆಂಬ ಹಟ ಹುಟ್ಟುತ್ತದೆ. ಇದು ಗುಣವೋ ರೋಗವೋ ನನಗೆ ತಿಳಿಯದು. ನನ್ನ ಹೆಂಡತಿ ಶಾರದೆಗೆ ಮಾತ್ರ ಆ ವಿಷಯದಲ್ಲಿ ಯಾವ ಅನುಮಾನವೂ ಇಲ್ಲ. ಮೂರು ಸಲ ಹಿಡಿ ಹಾಕಿಸಿದ ಬಾಣಲೆ, ಕಿಕ್ಕರಿಗೆ ತಂತಿ ಬಿಗಿದ ಸ್ಕೂಟರು, ಇವುಗಳ ಪಟ್ಟಿಗೆ ಅವಳು ಎಂದೋ ನನ್ನನ್ನೂ ಸೇರಿಸಿಬಿಟ್ಟಿದ್ದಾಳೆ.

ದೊಡ್ಡಬಳ್ಳಾಪುರದಲ್ಲಿ ಸೀರೆಯ ಅಂಚಿನ ಡಿಸೈನಿಗೆ ರಟ್ಟು ಹೊಡೆದುಕೊಡುವುದು ನನ್ನ ಕಸುಬು. ಕಂಪ್ಯೂಟರಿನಲ್ಲಿ ಮಾವಿನಕಾಯಿಯೋ ನವಿಲೋ ಬರೆದರೆ, ಅದು ಪಕ್ಕದ ಯಂತ್ರಕ್ಕೆ ಹೇಳಿ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಸುತ್ತದೆ. ಆ ತೂತುಗಳ ಪ್ರಕಾರ ಮಗ್ಗ ನೇಯುತ್ತದೆ. ನನ್ನ ಕಂಪ್ಯೂಟರು ತೂಕದಲ್ಲಿ ರುಬ್ಬುಗುಂಡಿಗೆ ಸಮ. ಯಂತ್ರದ ಜೊತೆ ಮಾತಾಡಲೆಂದೇ ಅದರ ಹೊಟ್ಟೆಯೊಳಗೆ ಉದ್ದನೆಯ ಕಾರ್ಡೊಂದು ಕೂತಿದೆ. ಆ ಕಾರ್ಡು ಕೂರುವಂಥ ಜಾಗ ಈಗಿನ ಕಂಪ್ಯೂಟರುಗಳಲ್ಲಿ ಇಲ್ಲ. ಹಾಗಾಗಿ ಡಬ್ಬ ಹೋದರೆ ಯಂತ್ರವೂ ಹೋದಂತೆ, ಯಂತ್ರ ಹೋದರೆ ನಾನೂ ಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಂತೆ.

ಈ ಸಲ ಆಯುಧಪೂಜೆಗೆ ಅಟ್ಟ ಗುಡಿಸುವಾಗ ಹಳೇ ಸೌಂಡ್ ಕಾರ್ಡೊಂದು ಸಿಕ್ಕಿತು. ಹಾಡು ಕೇಳುತ್ತ ಕೆಲಸ ಮಾಡಿದರೆ ಎಷ್ಟು ಚೆನ್ನ ಎನ್ನಿಸಿ, ಅದನ್ನೂ ಡಬ್ಬದೊಳಗಿನ ಖಾಲಿ ಜಾಗಕ್ಕೆ ಸಿಕ್ಕಿಸಿದೆ. ಹಾಡಿತು. ಶಾರದೆಯೂ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳಿದಳು. ಹಬ್ಬ ಮುಗಿದು ಪಕ್ಕದ ಮನೆ ಗಂಗಮ್ಮನ ಅಂಚಿಗೆ ರಟ್ಟು ಹೊಡೆಯೋಣವೆಂದು ಕೂತರೆ, ಯಂತ್ರ ಎರಡೇ ಎರಡು ತೂತು ಹೊಡೆದು ಸುಮ್ಮನಾಯಿತು. ಹಾಡು ಕೂಡ ಒಂದೇ ಪದವನ್ನು ಕಚ್ಚಿಕೊಂಡು ತೊದಲತೊಡಗಿತು.

ಮಾರನೇ ದಿನ ಗಂಗಮ್ಮ ಬಂದು ಬಾಗಿಲಲ್ಲಿ ನಿಂತಳು. ಎರಡು ಮಗ್ಗ ಇಟ್ಟುಕೊಂಡಿರುವ ಹೆಂಗಸು, ಮಾತು ಕಡಿಮೆ. ಹಾಡುವ ಕಾರ್ಡು ಹಾಕಿದ ಮೇಲೆ ಕೆಟ್ಟ ಕಥೆಯನ್ನು ಶಾರದೆ ಅವಳಿಗೆ ಆಗಲೇ ಹೇಳಿಯಾಗಿತ್ತು.

"ಅಣ್ಣಾ, ಮಗ್ಗಕ್ಕೆ ಹಾಸಿನ ನೂಲು ಏರ್ಸಿ ಎರಡು ದಿನ ಆಯ್ತು. ಮಗ್ಗ ಸುಮ್ನೆ ನಿಂತೈತೆ. ಆ ಹಾಡೋದನ್ನ ಕಿತ್ತಾಕ್ಬಿಡಿ, ಆಗೋಯ್ತಲ್ಲ."

"ಕಿತ್ತಾಕೋ ಮಾತೇ ಇಲ್ಲ ಗಂಗಮ್ಮ. ಎರಡೂ ಇರ್ತವೆ, ಎರಡೂ ಕೆಲಸ ಮಾಡ್ತವೆ."

"ನಾಳೆ ಮಧ್ಯಾಹ್ನದವರ್ಗೂ ನೋಡ್ತೀನಿ. ಆಮೇಲೆ ಬಸ್‌ಸ್ಟ್ಯಾಂಡ್ ಹತ್ರ ಹೊಸ ಅಂಗಡಿಗೆ ಕೊಡ್ತೀನಿ. ಬೇಜಾರ್ ಮಾಡ್ಕೋಬೇಡಿ."

ಉಳಿದವರೆಲ್ಲ ಆ ಹೊಸ ಅಂಗಡಿಗೆ ಹೋಗಿಯಾಗಿತ್ತು. ಗಂಗಮ್ಮ ಒಬ್ಬಳೇ ನನಗೆ ಉಳಿದಿದ್ದ ಕಾಯಂ ಗಿರಾಕಿ. ಕಾರ್ಡು ಕೀಳಲು ಎರಡು ನಿಮಿಷ ಸಾಕು. ಕೀಳುತ್ತಿದ್ದೆನೋ ಏನೋ, ಅಷ್ಟರಲ್ಲಿ ಬಾಮೈದ ಮಂಜುನಾಥನಿಗೆ ಫೋನು ಮಾಡಿ ಕೆಟ್ಟೆ. ಅವನು ದೇವನಹಳ್ಳಿ ಕಡೆಯ ಹೋಟೆಲುಗಳ ಕಂಪ್ಯೂಟರು ನೋಡಿಕೊಳ್ಳುತ್ತಾನೆ.

"ಎರಡು ಕಾರ್ಡಿಗೂ ಒಂದೇ ನಂಬರ್ ಇರ್ಬೇಕು ಭಾವ. ಅದಕ್ಕೇ ಕಿತ್ತಾಡ್ತಾವೆ," ಎಂದ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಆ ಡಬ್ಬಾನ ಗುಜರಿಗೆ ಹಾಕಿ. ಎರಡೆರಡು ಕೆಲಸ ಅದರ ಕೈಲಿ ಆಗಲ್ಲ," ಎಂದೂ ಸೇರಿಸಿದ.

ಆಗಲ್ಲವಂತೆ. ಸೌಂಡ್ ಕಾರ್ಡು ಅಲ್ಲೇ ಇರಬೇಕೆಂದು ಆ ಕ್ಷಣವೇ ತೀರ್ಮಾನವಾಯಿತು.

ವಿಷಯ ಇಷ್ಟೇ. ಕಾರ್ಡುಗಳು ಕಂಪ್ಯೂಟರನ್ನು ಕೂಗಿ ಕರೆಯಲು ತಲಾ ಒಂದು ನಂಬರು ಇಟ್ಟುಕೊಂಡಿರುತ್ತವೆ. ಇಬ್ಬರಿಗೂ ಒಂದೇ ನಂಬರಾದರೆ, ದೇವನಹಳ್ಳಿ ಕಡೆ ಒಂದೇ ಸೈಟನ್ನು ಇಬ್ಬರಿಗೆ ಬರೆದುಕೊಟ್ಟಾಗ ಆಗುವುದೇ ಇಲ್ಲೂ ಆಗುತ್ತದೆ. ನಂಬರು ಬದಲಿಸಲು ಕಾರ್ಡಿನ ಮೇಲೆ ಸಾಲಾಗಿ ಸೂಜಿಗಳಿವೆ. ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಟೋಪಿಯೊಂದನ್ನು ಒಂದು ಜೋಡಿಯಿಂದ ಕಿತ್ತು ಇನ್ನೊಂದಕ್ಕೆ ತೊಡಿಸಬೇಕು. ಸೌಂಡ್ ಕಾರ್ಡಿನದು ಐದು ಎಂದು ಕಂಡಿತು. ತೂತು ಹೊಡೆಯುವ ಕಾರ್ಡಿನದು ಮಾತ್ರ ಓದಲಿಕ್ಕೇ ಆಗಲಿಲ್ಲ. ಅದರ ತುಂಬ ಕೆಂಪು ಹಕ್ಕಳೆ.

ತುಕ್ಕಲ್ಲ, ಕುಂಕುಮ. ವರ್ಷವರ್ಷವೂ ಆಯುಧಪೂಜೆಯಲ್ಲಿ ಡಬ್ಬ ಬಿಚ್ಚಿ ಒಳಗಿನ ಕಾರ್ಡಿಗೇ ನೇರವಾಗಿ ಬೊಟ್ಟಿಟ್ಟವನು ನಾನು. ಹೊರಗಿನ ತಗಡಿಗೆ ಇಟ್ಟರೆ ಪೂಜೆ ದುಡಿಯುವವನಿಗೆ ಮುಟ್ಟುವುದಿಲ್ಲ ಎಂಬುದು ನನ್ನ ವಾದ. ಹಿಂದೊಮ್ಮೆ ಇದೇ ವಾದದ ಮೇಲೆ ಮಿಕ್ಸಿಯ ಮೋಟರಿಗೆ ಅರಿಸಿನ ನೀರು ಪ್ರೋಕ್ಷಿಸಿ ಒಂದು ವಾರ ಚಟ್ನಿಯಿಲ್ಲದೆ ಇಡ್ಲಿ ತಿಂದದ್ದೂ ಉಂಟು.

ಹಳೇ ಟೂತ್‌ಬ್ರಷ್ ಹಿಡಿದು ಉಜ್ಜಲು ಕೂತೆ. ಶಾರದೆ ನೋಡಿದಳು.

"ಹಬ್ಬ ಆಗಿ ಮೂರು ದಿನ ಆಗಿಲ್ಲ, ಕುಂಕುಮ ಕೆರೀತಾ ಕೂತಿದ್ದೀರಲ್ಲ."

"ದೇವರು ಬೇಕಾದ್ರೆ ನನ್ನನ್ನ ಕೇಳ್ಲಿ. ಮಂಜುನಾಥ ಕೇಳೋ ಹಾಗಿಲ್ಲ."

ಕೆಂಪಿನಡಿಯಿಂದ ಇಲ್ಲೂ ಐದೇ ಎದ್ದು ಬಂತು. ಸೌಂಡ್ ಕಾರ್ಡನ್ನು ಏಳಕ್ಕೆ ಬದಲಿಸಿದೆ. ಪ್ರಿಂಟರು ಮುನಿಸಿಕೊಂಡಿತು, ಆ ನಂಬರು ಅದರದಂತೆ. ಹತ್ತಕ್ಕೆ ಬದಲಿಸಲು ಹೋದಾಗ ಟೋಪಿ ಬೆರಳಿನಿಂದ ಹಾರಿತು. ಮಂಡಿಯೂರಿ ಅರ್ಧ ಗಂಟೆ ಹುಡುಕಿದೆ. ಶಾರದೆ ಒಂದು ಸಲ ಪೊರಕೆ ಆಡಿಸಿ ಟೋಪಿಯನ್ನು ನನ್ನ ಕೈಗಿತ್ತಳು. ತೊಡಿಸಿ ಸ್ವಿಚ್ ಹಾಕಿದೆ. ಯಂತ್ರ ತೂತು ಹೊಡೆಯುತ್ತಲೇ ಇತ್ತು, ಹಾಡು ಹಾಡುತ್ತಲೇ ಇತ್ತು. ಒಬ್ಬನೇ ನಿಂತು ಚಪ್ಪಾಳೆ ತಟ್ಟಿದೆನೆಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಗಂಗಮ್ಮ ಹೇಳಿದ ಹೊತ್ತಿಗೆ ಬಂದು, ರಟ್ಟಿನ ಕಟ್ಟನ್ನು ಹೆಗಲಿಗೇರಿಸಿ, "ಪರ್ವಾಗಿಲ್ಲ ಕಣಣ್ಣ," ಎಂದು ಹೋದಳು. ಅವಳ ಬಾಯಲ್ಲಿ ಅದು ದೊಡ್ಡ ಬಿರುದು. ನಾನು ಕುರ್ಚಿಗೊರಗಿ, ಕಾಲು ಚಾಚಿ, ಗೆದ್ದವನ ಠೀವಿಯಲ್ಲಿ ಇನ್ನೊಂದು ಹಾಡು ಹಾಕಿದೆ. ಅದರ ಹಿಂದೆ ನಾಲ್ಕೈದು ಹಾಡು ಮುಗಿಯುವಷ್ಟರಲ್ಲಿ, ಹಬ್ಬದಿಂದ ನಿಂತೇ ಇದ್ದ ಗಂಗಮ್ಮನ ಮಗ್ಗ ಗೋಡೆಯಾಚೆ ನನ್ನ ರಟ್ಟು ತೊಟ್ಟು ಶುರುವಾಯಿತು. ಖಟ್ ಖಟ್ ಖಟ್ ಖಟ್. ಕಿಟಕಿಯ ಸರಳುಗಳು ನಡುಗಿದವು. ಸ್ಪೀಕರಿನ ತಿರುಗಣಿಯನ್ನು ತುದಿಯವರೆಗೂ ತಿರುಗಿಸಿದೆ. ಉಹೂಂ.

"ಹಾಡು ನಿಲ್ಲಿಸಿಬಿಟ್ರಾ?" ಶಾರದೆ ಅಡುಗೆಮನೆಯಿಂದ ಕೂಗಿದಳು.

"ಇಲ್ಲ, ಹಾಡ್ತಾ ಇದೆ," ಎಂದು ನಾನೂ ಕೂಗಿದೆ.

ಈಗಲೂ ದಿನಾ ಬೆಳಿಗ್ಗೆ ಹಾಡು ಹಾಕುತ್ತೇನೆ. ಒಂದಕ್ಷರವೂ ಕಿವಿಗೆ ಬೀಳುವುದಿಲ್ಲ. ತೆರೆಯ ಮೇಲೆ ನಿಮಿಷ ಓಡುವುದನ್ನು ನೋಡಿ, ಇದು ಎರಡನೇ ಚರಣವಿರಬೇಕು ಎಂದು ಅಂದಾಜು ಮಾಡಿಕೊಂಡು, ಸರಿಯಾದ ಜಾಗಕ್ಕೆ ತಲೆದೂಗುತ್ತೇನೆ.