ಮಾವನವರ ತಲೆ ಮೇಲಿನ ಬಟ್ಟೆ

ಮಾವನವರು ಈ ಸಲವೂ ಷಡ್ಡಕನ ಕಾರಿನಲ್ಲೇ ಕುಳಿತರು. ತನ್ನ ಕಾರಿನ ಮುಂದಿನ ಬಾಗಿಲನ್ನು ತೆರೆದು ಹಿಡಿದು ನಿಂತಿದ್ದ ಹಿರಿಯ ಅಳಿಯ, ಒಳಗೆ ಗಾಳಿಯಾಡಲೆಂದೇ ತೆರೆದವನ ಹಾಗೆ ಬಾಗಿಲನ್ನು ಎರಡು ಸಲ ಬೀಸಿ, ಮೆಲ್ಲಗೆ ಮುಚ್ಚಿದ.

ಈ ಹಿರಿಯ ಅಳಿಯ ಲೈಬ್ರರಿಯಲ್ಲಿ ಕೆಲಸ ಮಾಡುವವನು. ಹರಿದ ಪುಸ್ತಕಗಳಿಗೆ ರಟ್ಟು ಹಾಕುವುದರಲ್ಲಿ ಎತ್ತಿದ ಕೈ. ಷಡ್ಡಕ, ಅಂದರೆ ಅವನ ಹೆಂಡತಿಯ ತಂಗಿಯ ಗಂಡ, ಕನ್ನಡಕದ ಅಂಗಡಿ ಇಟ್ಟವನು. ಮಾವನವರ ಮೂಗಿನ ಮೇಲಿರುವುದು ಅವನು ಕೊಟ್ಟ ಕನ್ನಡಕವೇ. (ಹೀಗಾಗಿ ಮಾವನವರು ಹಿರಿಯ ಅಳಿಯನನ್ನು ನೋಡಬೇಕಾದರೂ ಕಿರಿಯ ಅಳಿಯನ ಗಾಜಿನ ಮೂಲಕವೇ ನೋಡಬೇಕು ಎಂಬುದು ನಮ್ಮವನ ಬಹುದಿನದ ಸಂಕಟ.)

ಮಾವ ತನ್ನ ಕಾರನ್ನು ಬಿಟ್ಟದ್ದು ಏಕೆಂದು ಅವನಿಗೆ ಗೊತ್ತಿತ್ತು. ಕಾರಿನ ಒಳಚಾವಣಿಗೆ ಹೊದಿಸಿದ ಬೂದು ಬಟ್ಟೆಯ ಅಂಚು ಬಾಗಿಲ ಚೌಕಟ್ಟಿನ ರಬ್ಬರ್ ಪಟ್ಟಿಯೊಳಗೆ ಕಚ್ಚಿಕೊಂಡಿರಬೇಕು. ಅವನ ಕಾರಿನಲ್ಲಿ ಅದು ಅಲ್ಲಿ ನಿಲ್ಲುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಮಾವನವರು ಕುಳಿತಿದ್ದಾಗ, ರಸ್ತೆಯ ಒಂದು ಉಬ್ಬು ಹಾರಿದ್ದೇ ತಡ, ಬಟ್ಟೆ ಜಾರಿ ಅವರ ಮುಖದ ಮೇಲೆ ಪರದೆಯಂತೆ ಇಳಿಯಿತು. ಅವರು ಬಸ್ಸಿನಲ್ಲಿ ಕಂಬಿ ಹಿಡಿದವರ ಹಾಗೆ ಒಂದು ಗಂಟೆ ಕೈ ಮೇಲೆತ್ತಿ ಅದನ್ನು ಹಿಡಿದುಕೊಂಡೇ ಬಂದರು. ಇಳಿದ ಮೇಲೆ ಮೊಣಕೈ ನೀವಿಕೊಳ್ಳುತ್ತಾ, "ಬಟ್ಟೆ ಒಳ್ಳೇದೇ ಇದೆ" ಎಂದರು. ನಲವತ್ತು ವರ್ಷ ದರ್ಜಿಯಾಗಿದ್ದವರು ಬಟ್ಟೆಯನ್ನಷ್ಟೇ ಹೊಗಳಿದರೆ ಉಳಿದದ್ದರ ಬಗ್ಗೆ ಏನು ಹೇಳಿದಂತಾಯಿತೆಂದು ಅಳಿಯನಿಗೆ ಅರ್ಥವಾಗದೆ ಇರಲಿಲ್ಲ.

ಅಂದಿನಿಂದ ಅವನಿಗೆ ಷಡ್ಡಕನ ಕಾರು ಕಂಡರೆ ಸಾಕು, ಕತ್ತು ತಾನಾಗಿಯೇ ಉದ್ದವಾಗುತ್ತಿತ್ತು. ಈ ಸಲವೂ, ನೆಂಟರ ಮನೆ ತಲುಪಿ ಊಟಕ್ಕೆ ಎಲ್ಲರೂ ಒಳಗೆ ಹೋದ ಮೇಲೆ ಅವನು ಆ ಕಾರಿನ ಮುಂದಿನ ಗಾಜಿಗೆ ಮೂಗು ಒತ್ತಿ ಇಣುಕಿದ. ಮಾವ ಕೂರುವ ಸೀಟಿನ ಮೇಲಿನ ಬಟ್ಟೆ ಇಸ್ತ್ರಿ ಮಾಡಿ ಅಂಟಿಸಿದ ಹಾಗಿತ್ತು.

"ಏನ್ ನೋಡ್ತಿದ್ದೀರ ಭಾವ?" ಎಂದು ಹಿಂದಿನಿಂದ ಷಡ್ಡಕನ ದನಿ ಬಂತು.

"ಏನಿಲ್ಲ, ನಿಮ್ಮ ಕಾರಲ್ಲಿ ಟೈಮ್ ಎಷ್ಟು ಅಂತ."

"ಕೈಯಲ್ಲಿ ವಾಚಿದೆಯಲ್ಲ?"

"ಅದು ಸರಿಯಾಗಿದೆಯಾ ಅಂತ ತಾಳೆ ನೋಡ್ತಿದ್ದೆ."

ಗಾಜಿನ ಮೇಲೆ ಮೂಗಿನ ಗುರುತು ಉಳಿದಿತ್ತು. ಷಡ್ಡಕ ಜೇಬಿನಿಂದ ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆ ತೆಗೆದು, ನಗುನಗುತ್ತಲೇ ಅದನ್ನು ಒರೆಸಿದ. ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು. "ಅಪ್ಪ ಯಾವ ಕಾರಲ್ಲಿ ಕೂತ್ರೇನು ರೀ? ತಲುಪೋದು ಒಂದೇ ಮನೆಗೆ ತಾನೆ?"

"ನಾನೇನಾದ್ರೂ ಅಂದ್ನಾ?"

"ಅನ್ನಲಿಲ್ಲ. ಅದಕ್ಕೇ ಗೊತ್ತಾಯ್ತು. ಹೊಟ್ಟೆಕಿಚ್ಚಾ?"

"ನನಗ್ಯಾಕೆ ಹೊಟ್ಟೆಕಿಚ್ಚು?"

"ಮತ್ತೆ ಊಟ ಅರ್ಧಕ್ಕೇ ಬಿಟ್ಟು ಎದ್ರಿ?"

"ಹೊಟ್ಟೆ ತುಂಬಿತ್ತು."

"ಹೂಂ, ಏನು ತುಂಬಿತ್ತು ಅಂತ ಕಾಣ್ತಿತ್ತು."

ಮುಂದಿನ ಭಾನುವಾರ ಮಾವನವರ ಅಕ್ಕನ ಮನೆಯಲ್ಲಿ ಎಲ್ಲರಿಗೂ ಊಟವಿತ್ತು. ಎರಡು ಗಂಟೆಯ ದಾರಿ. ಅಷ್ಟರೊಳಗೆ ಚಾವಣಿ ಸರಿಯಾಗಲೇಬೇಕು, ಮಾವನವರು ತನ್ನ ಪಕ್ಕದಲ್ಲಿ ಕೂರಲೇಬೇಕು ಎಂದು ಅವನು ಘೋರ ಪ್ರತಿಜ್ಞೆ ಮಾಡಿದ. (ಮನಸ್ಸಿನಲ್ಲೇ. ಹೆಂಡತಿ ಪಕ್ಕದ ಕೋಣೆಯಲ್ಲಿದ್ದಳು.)

ಮೊದಲು ಬೆರಳಿನಿಂದ ಬಟ್ಟೆಯನ್ನು ರಬ್ಬರಿನೊಳಗೆ ತುರುಕಿದ. ಬಾಗಿಲು ಹಾಕಿದೊಡನೆ ಅದು ನಾಲಿಗೆ ಚಾಚಿದಂತೆ ಹೊರಬಂತು. ಲೈಬ್ರರಿಯ ಗೋಂದು ತಂದು ಬಳಿದ. ಬಟ್ಟೆ ಅಂಟಲಿಲ್ಲ, ಅವನ ತಲೆಯಲ್ಲಿ ಅಳಿದುಳಿದಿದ್ದ ಕೂದಲು ಚೆನ್ನಾಗಿಯೇ ಅಂಟಿಕೊಂಡಿತು. ಗುಂಡುಪಿನ್ನು ಚುಚ್ಚೋಣವೆಂದರೆ, ಬಿಸಿನೀರಿನಲ್ಲಿ ಅವನ ತಲೆ ತೊಳೆಯುತ್ತಿದ್ದ ಹೆಂಡತಿ, "ದರ್ಜಿ ತಲೆ ಮೇಲೆ ಪಿನ್ನು ಚುಚ್ಚಿಟ್ಟು ಕೂರಿಸ್ತೀರಾ? ಅದಕ್ಕಿಂತ ಅವರನ್ನ ನಡೆಸ್ಕೊಂಡೇ ಹೋಗಿ" ಎಂದಳು.

ಶನಿವಾರ ಬೆಳಿಗ್ಗೆ ಅವನು ಒಂದು ಕುರ್ಚಿ ಹಾಕಿಕೊಂಡು ಕುಳಿತು, ತೆರೆದ ಬಾಗಿಲನ್ನೇ ನೋಡಿದ. ಆಮೇಲೆ ರಬ್ಬರ್ ಪಟ್ಟಿಯನ್ನು ಪೂರ್ತಿ ಕಿತ್ತ. ಅದರ ಒಳಗೊಂದು ತಗಡಿನ ದವಡೆ ಇತ್ತು, ಹನ್ನೆರಡು ವರ್ಷ ಬಾಯಿ ತೆರೆದು ತೆರೆದು ಸಡಿಲವಾಗಿತ್ತು. ತಪ್ಪು ಬಟ್ಟೆಯದಲ್ಲ, ಹಿಡಿಯುವ ಬಾಯಿಯದು. ಇಕ್ಕಳಕ್ಕೆ ಹಳೆಯ ಕಾಲುಚೀಲ ಸುತ್ತಿ, ರಬ್ಬರಿಗೆ ಗಾಯವಾಗದ ಹಾಗೆ ಅಂಗುಲ ಅಂಗುಲವಾಗಿ ದವಡೆಯನ್ನು ಒತ್ತಿ ಬಿಗಿ ಮಾಡಿದ. ಪುಸ್ತಕಕ್ಕೆ ರಟ್ಟಿನ ಬಟ್ಟೆ ಎಳೆಯುವಂತೆಯೇ ನಡುವಿನಿಂದ ಮೂಲೆಗಳ ಕಡೆಗೆ ಬಟ್ಟೆಯನ್ನು ಎಳೆದು, ಅಂಚನ್ನು ಚೌಕಟ್ಟಿನ ಮೇಲೆ ಮಡಚಿ, ಪಟ್ಟಿಯನ್ನು ಅಂಗೈಯಿಂದ ತಟ್ಟುತ್ತಾ ಕೂರಿಸಿದ. ನಾಲ್ಕೂ ಬಾಗಿಲು ಮುಗಿಯುವಾಗ ಸಂಜೆಯಾಗಿತ್ತು. ಬಾಗಿಲನ್ನು ಮೂವತ್ತು ಸಲ ಬಡಿದು ನೋಡಿದ. ಪಕ್ಕದ ಮನೆಯವರು ಬಂದು ಯಾರ ಮೇಲೆ ಸಿಟ್ಟೆಂದು ಕೇಳಿದರು. ಬಟ್ಟೆ ಅಲುಗಲಿಲ್ಲ.

ಭಾನುವಾರ ಮಾವನವರ ಮನೆಯ ಮುಂದೆ ಎರಡೂ ಕಾರು ನಿಂತವು. ಅವನು ಬಾಗಿಲು ತೆರೆದು ಹಿಡಿದ. ಮಾವನವರು ಕೊಂಚ ಅನುಮಾನಿಸಿ ಬಗ್ಗಿ ನೋಡಿದರು, ಕುಳಿತರು, ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿದರು.

"ಯಾರ ಕೈಕೆಲಸ?"

"ನಂದೇ ಮಾವ."

"ಒಂದು ಸುಕ್ಕಿಲ್ಲವಲ್ಲ ಅಳಿಯಂದ್ರೆ. ಇಂಥ ಕೈ ನನ್ನ ಅಂಗಡೀಲಿ ಇದ್ದಿದ್ರೆ ನಾನು ಇನ್ನೂ ಹತ್ತು ವರ್ಷ ಅಂಗಡಿ ಮುಚ್ತಿರಲಿಲ್ಲ."

ನಮ್ಮವನು ಕೂಡಲೇ ಷಡ್ಡಕನ ಮುಖ ನೋಡಿದ. ಈ ಒಂದು ನೋಟಕ್ಕಾಗಿಯೇ ವಾರವೆಲ್ಲ ಕಾದಿದ್ದ. ಆದರೆ ಆ ಮುಖ ಕಪ್ಪಾಗುವ ಬದಲು ಅರಳಿತು.

"ನಿಜ ಮಾವ, ಭಾವನ ಕೈಗೆ ಸಾಟಿಯಿಲ್ಲ. ನಮ್ಮದೂ ಹಿಂದಿನ ಬಾಗಿಲ ಹತ್ರ ಬಿಟ್ಕೊಂಡಿದೆ. ಯಾರ ಹತ್ರ ಮಾಡಿಸೋದು ಅಂತ ಚಿಂತೇಲಿದ್ದೆ."

ನಿಜಕ್ಕೂ ಬಿಟ್ಟುಕೊಂಡಿತ್ತು, ಒಂದು ಮೊಳ. ಅದನ್ನು ಕಂಡು ಅವನಿಗಾದ ಪರಮಾನಂದ ಎರಡು ಕ್ಷಣ ಬಾಳಿತು. ಮೂರನೆಯ ಕ್ಷಣಕ್ಕೆ ಮಾವನವರು ಕೇಳಿದರು, "ಇಕ್ಕಳ ಇದೆಯಾ ಅಳಿಯಂದ್ರೆ?"

"ಡಿಕ್ಕಿಯಲ್ಲೇ ಇದೆ" ಎಂದು ಹೆಮ್ಮೆಯ ಭರದಲ್ಲಿ ಬಾಯಿಬಿಟ್ಟ.

"ಹಾಗಾದ್ರೆ ಈಗ್ಲೇ ಹಾಕ್ಬಿಡಿ. ಬಿಟ್ಟ ಬಟ್ಟೇನ ಹಾಗೇ ಬಿಡಬಾರದು. ನಾವು ನಿಮ್ಮ ಕಾರಲ್ಲಿ ಮುಂದೆ ಹೋಗ್ತಿರ್ತೀವಿ, ಅಕ್ಕ ಕಾಯ್ತಿರ್ತಾಳೆ. ನೀವು ಮುಗಿಸಿ ಅವರ ಕಾರಲ್ಲಿ ಬನ್ನಿ."

ಷಡ್ಡಕ ತನ್ನ ಬೀಗದ ಕೈ ಕೊಟ್ಟು ಅವನದನ್ನು ಇಸಿದುಕೊಂಡ. ಅಕ್ಕತಂಗಿಯರು ಹಿಂದೆ ಕುಳಿತರು. "ಅವಸರ ಮಾಡ್ಬೇಡಿ ರೀ, ನಿಧಾನಕ್ಕೆ ನೀಟಾಗಿ ಮಾಡಿ" ಎಂದು ಹೆಂಡತಿ ಕೈ ಬೀಸಿದಳು. ಅವನು ಸರಿಮಾಡಿದ ಚಾವಣಿಯ ಕೆಳಗೆ ಮಾವನವರೂ, ಮಾವನವರ ಪಕ್ಕದಲ್ಲಿ ಷಡ್ಡಕನೂ ಬೀದಿಯ ತಿರುವು ದಾಟಿದರು.

ಅವನು ಷಡ್ಡಕನ ಕಾರಿನ ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿ ಪಟ್ಟಿ ಕಿತ್ತ. ಕೊನೆಯ ಮೂಲೆಗೆ ಬಂದಾಗ ಒಂದು ಯೋಚನೆ ಹೊಳೆಯಿತು. ಇಲ್ಲಿ ಎರಡಂಗುಲ ಒತ್ತದೆ ಬಿಟ್ಟರೆ? ವಾರದೊಳಗೆ ಮತ್ತೆ ಬಟ್ಟೆ ಇಳಿಯುತ್ತದೆ. ಯೋಚನೆ ಬಹಳ ಸಿಹಿಯಾಗಿತ್ತು. ಆದರೆ ಇಳಿದ ಬಟ್ಟೆ ಯಾರ ಕೈಕೆಲಸವೆಂದು ಮಾವ ಈಗಾಗಲೇ ಊರಿಗೆಲ್ಲ ಹೇಳಿರುತ್ತಾರೆ. ಅವನು ಹಲ್ಲು ಕಚ್ಚಿ ಆ ಎರಡಂಗುಲವನ್ನು ಎರಡೆರಡು ಸಲ ಒತ್ತಿದ. ಅಷ್ಟಕ್ಕೂ ಧೈರ್ಯ ಬಾರದೆ, ಚೆನ್ನಾಗಿಯೇ ಇದ್ದ ಉಳಿದ ಮೂರು ಬಾಗಿಲುಗಳ ಪಟ್ಟಿಗಳನ್ನೂ ಕಿತ್ತು ಬಿಗಿ ಮಾಡಿದ. ನಿನ್ನೆ ಕಲಿತದ್ದೆಲ್ಲ ಇಂದು ಕೈಗೆ ಬಂದಿತ್ತು. ಚಾವಣಿ ತಮಟೆಯ ಚರ್ಮದಂತೆ ಬಿಗಿದು ನಿಂತಿತು.

ಅವನು ತಲುಪುವಾಗ ಎಲ್ಲರ ಊಟ ಮುಗಿದಿತ್ತು. ಅವನ ಊಟ ಮುಗಿಯುವಾಗ ಎಲ್ಲರೂ ಹೊರಟು ನಿಂತಿದ್ದರು. ಕೈ ತೊಳೆದು ಓಡಿಬಂದು ತನ್ನ ಕಾರಿನ ಬಾಗಿಲನ್ನು ತೆರೆದು ಹಿಡಿದ.

ಮಾವನವರು ಷಡ್ಡಕನ ಕಾರಿನೊಳಗೆ ತಲೆ ಹಾಕಿ ನೋಡುತ್ತಿದ್ದರು. ಬೆರಳಿನಿಂದ ಚಾವಣಿಯನ್ನು ತಟ್ಟಿದರು, ಕನ್ನಡಕ ಮೇಲೇರಿಸಿ ಅಂಚು ನೋಡಿದರು, ಇವನ ಕಾರಿಗೆ ಬಂದು ಇಲ್ಲಿಯ ಅಂಚನ್ನೂ ನೋಡಿದರು. ಅವನ ಹೆಗಲ ಮೇಲೆ ಕೈಯಿಟ್ಟರು.

"ಅಳಿಯಂದ್ರೆ, ಇದೂ ಚೆನ್ನಾಗಿದೆ. ಆದ್ರೆ ಆ ಕಾರಲ್ಲಿ ನಿಮ್ಮ ಕೈ ಪೂರ್ತಿ ಪಳಗಿದೆ. ಅಂಥ ಕೆಲಸದ ಕೆಳಗೆ ಕೂತು ಹೋಗೋದೇ ಒಂದು ಸುಖ" ಎಂದು ಹೇಳಿ, ಷಡ್ಡಕನ ಕಾರಿನ ಮುಂದಿನ ಸೀಟಿನಲ್ಲಿ ಹೋಗಿ ಕುಳಿತರು.