ಹಸಿರು ಪೊಟ್ಟಣದ ದಿಗ್ವಿಜಯ

ಸಹೃದಯ ವಾಚಕ ಮಹಾಶಯರೇ, ಪುಸಲಾಯಿಸಿದರೆ ಯಂತ್ರಗಳೂ ಮಾತು ಕೇಳುತ್ತವೆ ಎಂಬುದನ್ನು ನಂಬದವರು ಈ ಕಥನವನ್ನು ಇಲ್ಲಿಗೇ ಮಡಿಚಿಡಬಹುದು. ನಂಬುವವರು ತೈನಾನ್ ನಗರದಲ್ಲಿ ಹುಣ್ಣಿಮೆ ಹಬ್ಬದ ಸಿಹಿಯಾದ ಮೂನ್‌ಕೇಕ್ ಮಾರುವ ಅಂಗಡಿಯೊಂದಕ್ಕೆ ದಯಮಾಡಿಸಬೇಕು.

ಅಂಗಡಿಯ ವೆಬ್‌ಸೈಟನ್ನು ನೋಡಿಕೊಳ್ಳುವವನು ವೆಂಗ್ ಚೀಪಿನ್. ಎಲ್ಲರ ಬಾಯಲ್ಲಿ ಆಪಿನ್. ಅಂದು ಮಧ್ಯಾಹ್ನ ಮೂರರ ರೈಲಿಗೆ ಅವನು ತೈತುಂಗಿಗೆ ಹೊರಟು, ತಾನು ಮೆಚ್ಚಿದ ಹುಡುಗಿಯ ತಂದೆಯೆದುರು ಕೂತು ಉಂಡು, ಮದುವೆಯ ಮಾತೆತ್ತಬೇಕಿತ್ತು. ಆ ತಂದೆ ಕಚೇರಿಯೊಂದರ ಸರ್ವರ್ ಕೋಣೆಗೆ ಮುಖ್ಯಸ್ಥರು, ಖಡಾಖಂಡಿತ ಮನುಷ್ಯ. ಆಪಿನ್ ಈಗಾಗಲೇ ಎರಡು ಸಲ ಕೆಲಸದ ನೆಪ ಹೇಳಿದ್ದ. "ಮೂರನೇ ಸಲವೂ ಬರ್ಲಿಲ್ಲಾಂದ್ರೆ ಆಮೇಲೆ ಬರೋದೇ ಬೇಡ ಅನ್ನು," ಎಂದು ಅವರು ಮಗಳ ಬಾಯಲ್ಲಿ ಹೇಳಿ ಕಳಿಸಿದ್ದರು.

ಬೆಳಿಗ್ಗೆ ಎಂಟಕ್ಕೇ ಯಜಮಾನಿ ಸಿಯೂಚಿನ್ ಮೊಬೈಲನ್ನು ಅವನ ಮೂಗಿಗೆ ಹಿಡಿದರು. ಹುಣ್ಣಿಮೆ ಹಬ್ಬಕ್ಕೆ ಮೂರೇ ವಾರ ಉಳಿದಿತ್ತು.

"ನೋಡೋ ಆಪಿನ್! ಕೇಕ್ ಪೆಟ್ಟಿಗೆಯ ಚಿತ್ರ ಪೂರ್ತಿ ಕಾಣಿಸೋದ್ರೊಳಗೆ ನಂಗೆ ಇನ್ನೊಂದು ಹಲ್ಲು ಬಿದ್ದಿರತ್ತೆ. ಇದು ಸರಿಹೋಗೋವರೆಗೂ ನೀನು ಹೊಸಿಲು ದಾಟಂಗಿಲ್ಲ."

"ಹತ್ತು ಗಂಟೆಗೆ ಮುಗಿಸ್ತೀನಿ ಯಜಮಾನಮ್ಮ. ನಮ್ಮದು ಒಂದೇ ಯಂತ್ರ, ನೋಡೋರು ಸಾವಿರಾರು ಜನ. ಇವತ್ತಿಂದ ಚಿತ್ರಗಳ ಪ್ರತಿ ತೈಪೆ, ಟೋಕಿಯೋ, ಸಿಂಗಪುರ, ಎಲ್ಲಾ ಕಡೆ ಬಾಡಿಗೆ ಯಂತ್ರಗಳ ಉಗ್ರಾಣದಲ್ಲಿರತ್ತೆ. ಕೇಳ್ದೋರಿಗೆ ಹತ್ರದ ಉಗ್ರಾಣವೇ ಬಡಿಸಿಬಿಡತ್ತೆ."

ಪೆಟ್ಟಿಗೆ ಕಟ್ಟುವ ಮೇಯುನ್ ಚಿಕ್ಕಮ್ಮನ ಕಣ್ಣು ಮಾತ್ರ ಸರ್ವರ್‌ನ ನೆತ್ತಿಯ ಮೇಲೆ ಕೂತಿದ್ದ ಹಸಿರು ತಿಂಡಿಪೊಟ್ಟಣದ ಮೇಲಿತ್ತು. ಯಂತ್ರ ಹಟ ಹಿಡಿಯದಿರಲೆಂದು ಆ ನಾಡಿನವರೆಲ್ಲ ತಮ್ಮ ಯಂತ್ರಗಳ ಮೇಲೆ ಇಡುವ ಪೊಟ್ಟಣವದು. ಹಸಿರೇ ಆಗಬೇಕು. ಹಳದಿಗೆ ಯಂತ್ರ ಮುನಿಯುತ್ತದೆ. ಅವಧಿ ಮೀರಿದ್ದಾದರೆ ಸೇಡು ತೀರಿಸಿಕೊಳ್ಳುತ್ತದೆ.

"ಅಲ್ವೋ, ಟೋಕಿಯೋದಲ್ಲಿ ಪೊಟ್ಟಣ ಇಡೋರು ಯಾರು? ಹಸಿರೇ ಇಡ್ಬೇಕು ಅಂತ ಆ ಜನಕ್ಕೆ ಗೊತ್ತಾ?"

"ಕೈ ಮುಗೀತೀನಿ ಚಿಕ್ಕಮ್ಮ, ಹೋಗಿ ಕೇಕ್ ಕಟ್ಟಿ."

"ಕಟ್ತೀನಪ್ಪ. ರೈಲು ತಪ್ಪಿದ್ಮೇಲೆ ನನ್ನ ಹತ್ರ ಬಂದು ಅಳಬೇಡ."

ರೈಲಿನ ಮಾತು ಆಪಿನ್‌ಗೆ ಮುಳ್ಳಿನಂತೆ ನಾಟಿತು. ಸರ್ವರ್‌ನ ನೆತ್ತಿಯ ಮೇಲಿದ್ದಂತೆಯೇ ಪೊಟ್ಟಣದ ಚಿತ್ರ ತೆಗೆದು, ಹಬ್ಬದ ವಿಶೇಷ ಪೆಟ್ಟಿಗೆಯ ಚಿತ್ರದ ಹೆಸರನ್ನೇ ಅದಕ್ಕಿಟ್ಟು, ಪರೀಕ್ಷೆಗೂ ಆಯಿತು, ಶಾಸ್ತ್ರಕ್ಕೂ ಆಯಿತು ಎಂದು ಎಲ್ಲ ಉಗ್ರಾಣಗಳಿಗೆ ಕಳಿಸಿದ. ಎಷ್ಟು ಕಾಲ ಇಟ್ಟುಕೊಳ್ಳಬೇಕೆಂದು ಉಗ್ರಾಣ ಕೇಳಿದಾಗ ಧಾರಾಳವಾಗಿ ಒಂದು ವರ್ಷವೆಂದ. ಅರೆನಿಮಿಷದಲ್ಲಿ ತನ್ನ ಯಂತ್ರಕ್ಕೆ ನಿಜವಾದ ಚಿತ್ರವನ್ನು ಮರಳಿ ಏರಿಸಿದ. ಅಂಗಡಿಯ ಕಂಪ್ಯೂಟರು ಪಕ್ಕದ ಸರ್ವರ್‌ನಿಂದಲೇ ಓದುತ್ತಿದ್ದುದರಿಂದ ಅವನ ಪರದೆಯಲ್ಲಿ ಕೇಕಿನ ಪೆಟ್ಟಿಗೆ ಮದುಮಗಳಂತೆ ಕಂಗೊಳಿಸಿತು.

"ಮುಗೀತು!" ಎಂದು ಕಾಲರ್ ಸರಿಪಡಿಸಿಕೊಂಡ.

ಹತ್ತೂವರೆಗೆ ಯಜಮಾನಿಯ ತಂಗಿ ಕಾವ್‌ಶ್ಯುಂಗಿನಿಂದ ಫೋನ್ ಮಾಡಿದಳು. "ಅಕ್ಕಾ, ಕೇಕ್ ಬಿಟ್ಟು ಕುರುಕಲು ತಿಂಡಿ ಅಂಗಡಿ ಇಟ್ಯಾ?"

"ಅವರ ಮೊಬೈಲು ಹಳೇದು," ಎಂದ ಆಪಿನ್. ಇನ್ನೊಂದು ಫೋನು ಬಂತು, ಅದೂ ಹಳೇದೆಂದ. ಏಳನೆಯದಕ್ಕೆ ತನ್ನದೇ ಮೊಬೈಲು ತೆಗೆದು ನೋಡಿದ: ಕೇಕಿನ ಜಾಗದಲ್ಲಿ ಹಸಿರು ಪೊಟ್ಟಣ ಕೂತಿತ್ತು!

ಉಗ್ರಾಣಗಳು ಜಗ್ಗಲಿಲ್ಲ. ವರ್ಷ ಇಟ್ಟುಕೊಳ್ಳಿ ಎಂದವನು ಅವನೇ ತಾನೆ? ಅಳಿಸಲು ಹೊರಟರೆ ಸರದಿಯಲ್ಲಿ ನಿಲ್ಲೆಂದವು. ಪಕ್ಕದಲ್ಲಿ ಚಿಕ್ಕಮ್ಮ, "ಪೊಟ್ಟಣ ಸೊಟ್ಟಗೆ ಕೂತಿದೆ, ಅದಕ್ಕೇ," ಎಂದು ಗಳಿಗೆಗೊಮ್ಮೆ ಅದನ್ನು ತಿರುಗಿಸುತ್ತಿದ್ದರು. ಎರಡು ಗಂಟೆಗೆ ಆಪಿನ್‌ಗೆ ಹೊಳೆಯಿತು: ಹಳೆಯ ಹೆಸರಿಗೆ ಅಂಟಿಕೊಂಡ ಉಗ್ರಾಣಗಳಿಗೆ ಹೊಸ ಹೆಸರನ್ನೇ ಕೊಟ್ಟರಾಯಿತು! ನಿಜವಾದ ಚಿತ್ರಕ್ಕೆ ಬೇರೆ ಹೆಸರಿಟ್ಟು, ಪುಟಕ್ಕೂ ಅದನ್ನೇ ತಿಳಿಸಿದ. ಕಾವ್‌ಶ್ಯುಂಗಿನಲ್ಲೂ ಕೇಕ್ ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರತ್ಯಕ್ಷವಾಯಿತು.

ಗೆದ್ದ ಪೈಲ್ವಾನನಂತೆ ಚೀಲ ಹೆಗಲಿಗೇರಿಸಿದವನನ್ನು ಯಜಮಾನಿ ಹಿಂದಿನಿಂದ ಹಿಡಿದೆಳೆದರು.

"ಏನೋ ಮಾಡ್ದೆ? ಬೆಳಿಗ್ಗೆಯಿಂದ ಮೂರು ಸಾವಿರ ಪೆಟ್ಟಿಗೆ ಬುಕ್ ಆಗಿದೆ! ಶಿನ್‌ಚು ಕಾರ್ಖಾನೆಗಳ ಎಂಜಿನಿಯರುಗಳೆಲ್ಲ ಈ ಸಲ ಒಳಗೆ ಹಸಿರು ಪೊಟ್ಟಣ ಇರತ್ತೆ ಅಂದ್ಕೊಂಡು ಮುಗಿಬಿದ್ದಿದಾರೆ. ಈಗ ಚಿತ್ರ ಹೋಯ್ತು, ಬುಕಿಂಗೂ ನಿಂತೋಯ್ತು. ಹಾಕು ವಾಪಸ್! ಆಮೇಲೆ ಊರಲ್ಲಿರೋ ಹಸಿರು ಪೊಟ್ಟಣ ಎಲ್ಲಾ ಹುಡುಕ್ಕೊಂಡು ಬಾ."

"ಯಜಮಾನಮ್ಮ, ನನ್ನ ರೈಲು! ನಮ್ಮ ಮಾವನೋರು..."

"ಅವರಿಗೆ ನಾನೇ ಮಾತಾಡಿದೀನಿ. ಅವರ ಸರ್ವರ್ ಕೋಣೆಗೂ ಹನ್ನೆರಡು ಪೆಟ್ಟಿಗೆ ಬುಕ್ ಮಾಡಿದಾರೆ. ಪೊಟ್ಟಣ ಇಲ್ದೆ ಬಂದ್ರೆ ಬಾಗಿಲು ತೆಗೆಯಲ್ವಂತೆ."

ಆಪಿನ್ ಸರ್ವರ್‌ನ ನೆತ್ತಿಗೆ ಕೈ ಚಾಚಿದ. ಸದ್ಯಕ್ಕೆ ಒಂದಾದರೂ ಇದೆಯಲ್ಲ! ಚಿಕ್ಕಮ್ಮ ಅದನ್ನು ಮೊದಲೇ ಎತ್ತಿಕೊಂಡು, ಹಿಂದೆ ತಿರುಗಿಸಿ, ಕನ್ನಡಕ ಏರಿಸಿ ಓದಿದರು.

"ಅಯ್ಯೋ ಆಪಿನ್, ನಿನ್ನೆಗೇ ಅವಧಿ ಮುಗಿದಿದೆಯಲ್ಲೋ!"

ಆಪಿನ್ ಸ್ಕೂಟರೇರಿ ಪೊಟ್ಟಣ ಹುಡುಕಲು ಹೋದ. ಹೋಗುವಾಗ ಟಿಕೆಟ್ಟನ್ನು, ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದು ಇದನ್ನೆಲ್ಲ ನೋಡುತ್ತಿದ್ದ ನನ್ನ ಕೈಗೆ ಕೊಟ್ಟ. ಕಿಟಕಿಯ ಸೀಟು, ಅತ್ತ ತೈತುಂಗಿನಲ್ಲಿ ಹಬೆಯಾಡುವ ಅಡುಗೆ. ಎರಡೂ ವ್ಯರ್ಥವಾಗುವುದು ನ್ಯಾಯವಲ್ಲ, ಅವನ ಬದಲು ನಾನೇ ಹೋಗಿ ಉಣ್ಣುತ್ತೇನೆ. ನನ್ನ ಎರಡು ಅಂಗಿಗಳನ್ನೂ ಪುಸ್ತಕಗಳನ್ನೂ ಚೀಲಕ್ಕೆ ತುರುಕಿ ಅದರ ಬಾಯಿ ಬಿಗಿದಿದ್ದೇನೆ. ರೈಲಿಗೆ ಇನ್ನು ಇಪ್ಪತ್ತೇ ನಿಮಿಷ. ಅಪ್ಪಣೆಯಾಗಲಿ, ಹೊರಟೆ.